ಶೋಕೇಸಿನಲ್ಲಿರುವ ವಾಚನ್ನೇ ತಗೊಳ್ಳಿ

ಹರಿಹರ ಕೆಳನಾಲೆ,
ಆಷಾಢ ಮೂವತ್ನಾಲ್ಕನೇ ತಾರೀಖು, 2161

ನನ್ನ ಮುತ್ತಜ್ಜನ ತಂದೆಯವರಾದ ಶ್ರೀ ರೇವಣಪ್ಪನವರಿಗೆ, ನಿಮ್ಮ ಮರಿಮಗನ ಮಗ ಹಾಲಸ್ವಾಮಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು. ಉಳಿದ ಐದು ದಿನಕ್ಕೆ ಹೆಸರಿಲ್ಲ, ಆ ದಿನಗಳಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಇಂಥ ವಿಚಿತ್ರ ಮಾತುಗಳು ಮುಂದೆಯೂ ಬರುತ್ತವೆ, ಮನ್ನಿಸಬೇಕು. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಆದರೆ ಕಾಗದ ಬರೆಯುವುದರಲ್ಲಿ ಈ ನಾಲೆಯ ಉದ್ದಕ್ಕೂ ನನ್ನ ಸಮ ಯಾರೂ ಇಲ್ಲ. ಬೇಕಾದರೆ ಯಾರನ್ನಾದರೂ ಕೇಳಿ, ಅವರಿನ್ನೂ ಹುಟ್ಟಿಲ್ಲ ಅಷ್ಟೆ. ಇನ್ನೊಂದು ಮಾತು. ನಿಮಗೀಗ ನಲವತ್ಮೂರು, ನನಗೆ ಅರವತ್ತೊಂದು. ನೀವೇ ಅಜ್ಜನಾದರೂ ವಯಸ್ಸಿನಲ್ಲಿ ನಾನು ಹಿರಿಯ. ಆದ್ದರಿಂದ ಬುದ್ಧಿ ಹೇಳಿದರೆ ಬೇಸರ ಮಾಡಿಕೊಳ್ಳಬಾರದು.

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬನಿಗೆ ಜನ್ಮಕ್ಕೆ ಒಂದೇ ಕಾಗದ, ಅದೂ ಸ್ವಂತ ವಂಶದವರಿಗೆ ಮಾತ್ರ. ಚುನಾವಣೆ, ಲಾಟರಿ, ಚಿನ್ನದ ರೇಟು ಬರೆದರೆ ಕಚೇರಿಯವರು ಮಸಿ ಬಳಿಯುತ್ತಾರೆ. ವಾಚಿನ ವಿಷಯ ಬರೆಯಬಾರದು ಎಂದು ನಿಯಮದಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿಸಿ ನೋಡಿದ್ದೇನೆ.

ನೀವೀಗ ಯಾವ ಯೋಚನೆಯಲ್ಲಿದ್ದೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಯ ಆ ದೊಡ್ಡ ಅಂಗಡಿಯ ಶೋಕೇಸಿನಲ್ಲಿ ಬಿಳಿ ಮುಖದ ಸ್ವಿಸ್ ವಾಚು ಒಂದೇ ಒಂದು ಉಳಿದಿದೆ. ಯಾರೋ ಹೇಳಿಟ್ಟು ಬೇಡವೆಂದದ್ದು. ಕೊಂಡಿಯ ಹತ್ತಿರ ಕೂದಲೆಳೆಯಷ್ಟು ಗೀರಿದೆ. ನೀಲಿ ಮುಖದ ಹೊಸದು ಬರಲಿದೆ, ಹೆಸರು ಬರೆಸಿದರೆ ಒಂದೂವರೆ ವರ್ಷಕ್ಕೆ ಕೈಗೆ ಬರುತ್ತದೆ ಎಂದಿದ್ದಾನೆ ಅಂಗಡಿಯವನು. ಟೈರಿಗೆ ಹೊಸ ರಬ್ಬರು ಹಚ್ಚಿ ದುಡಿದ ಹಣ ಕೈಯಲ್ಲಿದೆ, ಮನೆಯಾಕೆಯ ಒಪ್ಪಿಗೆಯೂ ಇದೆ. ಆದರೂ ಶನಿವಾರ ನೀವು "ಹೊಸಾದು ಬರ್ಲಿ ಬಿಡು, ಅವಸರ ಏನೈತಿ?" ಎಂದು ಹೆಸರು ಬರೆಸಿ, ರಸೀದಿ ಹಿಡಿದು ದಾವಣಗೆರೆ ಬಸ್ಸು ಹತ್ತುತ್ತೀರಿ. ಈ ಮಾತನ್ನು ನಮ್ಮ ಮನೆಯ ಮಕ್ಕಳು ಬಾಯಿಪಾಠ ಹೇಳುತ್ತಾರೆ.

ಆಮೇಲೆ ಏನಾಯಿತು ಎಂದರೆ, ಒಂದೂವರೆ ವರ್ಷ ಐದಾಯಿತು, ಐದು ಇಪ್ಪತ್ತಾಯಿತು. ನೀವು ಹೋದಿರಿ, ನಿಮ್ಮ ಸರದಿ ಮಗನಿಗೆ ಹೋಯಿತು. ಕಂಪನಿಯವರು ಸರದಿಯನ್ನು ವಂಶಕ್ಕೇ ಬರೆದುಕೊಟ್ಟರು. ಅಷ್ಟರಲ್ಲಿ ವಾಚಿನ ಅಗತ್ಯವೇ ಹೋಗಿತ್ತು. ಈಗ ಪ್ರತಿಯೊಬ್ಬರ ಕಿವಿಯ ಹಿಂದೆ ಚರ್ಮದೊಳಗೆ ಹೊತ್ತುಗಾರ ಇರುತ್ತಾನೆ. ಜೋಳದ ಕಾಳಿನಷ್ಟು ಯಂತ್ರ, ಹೊತ್ತು ಎಷ್ಟೆಂದು ಮೆಲ್ಲಗೆ ಹೇಳುತ್ತದೆ. ಆದರೆ ಸರದಿಗೆ ಮಾತ್ರ ಬೆಲೆ ಏರುತ್ತಲೇ ಹೋಯಿತು. ಸರದಿ ಇದ್ದವರ ಮನೆ ಸರದಿಮನೆ. ಅಂಥ ಮನೆಯ ಯಜಮಾನ ಎಡಗೈಗೆ ಬರಿಪಟ್ಟಿ ಕಟ್ಟುತ್ತಾನೆ. ಅದು ಚರ್ಮದ ಪಟ್ಟಿ. ವಾಚು ಇರಬೇಕಾದಲ್ಲಿ ಒಂದು ಖಾಲಿ ಬಿಲ್ಲೆ, ಅದರ ಮೇಲೆ ಏನೂ ಬರೆದಿರುವುದಿಲ್ಲ. ನಾನು ಪಂಚಾಯ್ತಿಗೆ ಹೋದರೆ ಆ ಬಿಲ್ಲೆ ನೋಡಿಯೇ ಮುಂದಿನ ಕುರ್ಚಿ ಬಿಡುತ್ತಾರೆ. ವರ್ಷಕ್ಕೊಮ್ಮೆ ರಸೀದಿ ಹಬ್ಬ. ನಿಮ್ಮ ರಸೀದಿಗೆ ವಿಭೂತಿ ಹಚ್ಚಿ, ಹೋಳಿಗೆ ಎಡೆ ಇಟ್ಟು ಊರಿಗೆಲ್ಲ ಬಡಿಸುತ್ತೇವೆ. ನಾನು ಹದಿನಾಲ್ಕು ತಿನ್ನುತ್ತೇನೆ, ಇದರಲ್ಲಿ ಒಂದೂ ಉತ್ಪ್ರೇಕ್ಷೆಯಲ್ಲ. ಯಜಮಾನ ತೀರಿಕೊಂಡಾಗ ಹೆಣ ಎತ್ತುವ ಮೊದಲು ಹಿರಿಮಗನೇ ಪಟ್ಟಿ ಬಿಚ್ಚಬೇಕು, ಮಗನ ಸೋದರಮಾವ ಅದನ್ನು ಅವನ ಕೈಗೆ ಕಟ್ಟಬೇಕು. ಇದು ನಮ್ಮ ಪದ್ಧತಿ.

ಹನ್ನೊಂದು ವರ್ಷದ ಹಿಂದೆ ನಮ್ಮಪ್ಪನ ಪಟ್ಟಿಯನ್ನು ನಾನೇ ಬಿಚ್ಚಿದೆ. ಐವತ್ತೈದು ವರ್ಷ ಕಟ್ಟಿದ್ದ ಕೈ ಅದು. ಬಿಲ್ಲೆಯ ಅಡಿಯಲ್ಲಿ ಬೆಳ್ಳಗಾದ ಚರ್ಮದ ಮೇಲೆ ಪೆನ್ನಿನಿಂದ ಬರೆದ ಒಂದು ವಾಚು ಇತ್ತು. ಹನ್ನೆರಡು ಗೀಟು, ಎರಡು ಮುಳ್ಳು, ಸಮಯ ಹತ್ತು ಗಂಟೆ ಹತ್ತು ನಿಮಿಷ, ಹಳೆಯ ಜಾಹೀರಾತುಗಳಲ್ಲಿ ಇರುತ್ತಿದ್ದಂತೆ. ಶಾಯಿ ಹೊಸದಾಗಿತ್ತು. ಸ್ನಾನ ಮಾಡಿದಾಗಲೆಲ್ಲ ಅಳಿಸಿಹೋಗಿ ಮತ್ತೆ ಬರೆದುಕೊಂಡಿರಬೇಕು. ಸರದಿಯ ಬಗ್ಗೆ ಊರ ತುಂಬ ಭಾಷಣ ಮಾಡುತ್ತಿದ್ದ ಮನುಷ್ಯ. ಯಾರೂ ನೋಡುವ ಮೊದಲು ಪಂಚೆಯ ಸೆರಗು ಎಳೆದು ಮುಚ್ಚಿದೆ. ಒರೆಸಲಿಲ್ಲ. ಹಾಗೆಯೇ ಮಣ್ಣು ಮಾಡಿದೆವು.

ಈಗ ಒಂಬತ್ತು ದಿನದ ಹಿಂದೆ ಕಂಪನಿಯಿಂದ ಕರೆ ಬಂತು. ನಮ್ಮ ನಂಬರು ಬಂದಿದೆ, ವಾಚು ಸಿದ್ಧವಿದೆ, ಹತ್ತು ದಿನದೊಳಗೆ ಬಂದು ಒಯ್ಯಿರಿ, ಇಲ್ಲವೇ ಸಹಿ ಮಾಡಿ ಸರದಿಯ ಕೊನೆಗೆ ಹೋಗಿ ನಿಲ್ಲಿರಿ. ನಾನು ಆ ದಿನವೇ ಹುಬ್ಬಳ್ಳಿಗೆ ಹೋದೆ. ನೀಲಿ ಮುಖ, ಸಂಜೆಯ ಆಕಾಶದ ಬಣ್ಣ. ಕೈಗೆ ಕಟ್ಟಿಕೊಂಡು ಕಿವಿಗೆ ಹಿಡಿದೆ. ನಮ್ಮ ಹೊತ್ತುಗಾರನಂತೆ ಮಾತಾಡುವುದಿಲ್ಲ ಅದು, ಸುಮ್ಮನೆ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತದೆ. ಅಂಗಡಿಯ ಹೆಣ್ಣುಮಗಳು ಹೇಳಿದಳು: "ಹದಿನೇಳು ಮಂದಿಗೆ ಈ ಪೆಟ್ಟಿಗಿ ತಗದು ತೋರ್ಸೀನ್ರೀ. ಒಬ್ರೂ ಒಯ್ದಿಲ್ಲ. ಎಲ್ಲಾರೂ ಸಹಿ ಮಾಡಿ ಮತ್ತ ಹಿಂದ ಹೋಗಿ ನಿಲ್ತಾರ. ನೀವರ ಒಯ್ರಿ ಮಾಮಾ, ನನಗೂ ಒರಸಿ ಒರಸಿ ಸಾಕಾಗೇತಿ."

ಒಯ್ಯುತ್ತಿದ್ದೆ. ಆದರೆ ನನ್ನ ತಂಗಿಯ ಮಗಳು ನೀಲಾಂಬಿಕೆಯ ಮದುವೆ ಮುಂದಿನ ತಿಂಗಳು. ಹುಡುಗ ಮೈಲಾರಿ ಒಳ್ಳೆಯವನು, ಅವನದೂ ಸರದಿಮನೆ. ವಾಚು ಒಯ್ದರೆ ನಮ್ಮ ಸರದಿ ಅಲ್ಲಿಗೆ ಮುಗಿಯುತ್ತದೆ. ಸುದ್ದಿ ತಿಳಿದ ಕೂಡಲೇ ಅವನ ಅಜ್ಜಿ ಬಂದು ಜಗಲಿಯ ಮೇಲೆ ಕೂತಳು. "ವಾಚು ಕಟ್ಕೊಂಡೋರ ಮನೆ ಹೆಣ್ಣು ನಮಗೆ ಬ್ಯಾಡಪ್ಪ ಹಾಲಸ್ವಾಮಿ. ಇವತ್ತು ವಾಚು, ನಾಳೆ ಇನ್ನೇನೇನು ಬೇಕು ಅಂತಾಳೋ!" ಎಂದು ನೀರು ಸಹ ಕುಡಿಯದೆ ಹೋದಳು.

ನೀಲಾಂಬಿಕೆ ನಮ್ಮ ನಾಲೆಯ ನೀರಗಂಟಿ. ತೂಬಿನ ಚಕ್ರ ತಿರುಗಿಸಿ ಯಾರ ಹೊಲಕ್ಕೆ ಎಷ್ಟು ನೀರೆಂದು ಬಿಡುವವಳು. ಮೈಲಾರಿ ಮೇಲಿನ ತೂಬಿನ ನೀರಗಂಟಿ. ನಾನು ಅವಳ ಹತ್ತಿರ ಹೋಗಿ ನಿಂತೆ. "ಮಾವ, ನಿನಗೆ ಅದು ಬೇಕೇನು?" ಎಂದಳು. "ಛೇ, ನನಗ್ಯಾಕವ್ವ, ಗಂಟೆ ನೋಡಿ ಬದುಕಿದವನಾ ನಾನು?" ಎಂದೆ. "ಸುಳ್ಳು ಹೇಳೋವಾಗ ಮೀಸೆ ಮುಟ್ಕೋತೀಯ. ತಗೊಂಡ್ಬಿಡು. ಅವನಿಗೆ ನಾನು ಹೇಳ್ತೀನಿ" ಎಂದವಳು ಚಕ್ರ ತಿರುಗಿಸಿದಳು, ತಿರುಗಿಸಿದ್ದು ಉಲ್ಟಾ. ನೀರೆಲ್ಲ ಬೇರೆಯವರ ಹೊಲಕ್ಕೆ ನುಗ್ಗಿತು. ನಾಲ್ಕು ವರ್ಷದಲ್ಲಿ ಅವಳ ಕೈ ಒಂದು ಸಲವೂ ತಪ್ಪಿರಲಿಲ್ಲ.

ನಿನ್ನೆ ಹೋಗಿ ಸಹಿ ಮಾಡಿ ಬಂದೆ. ಅಂಗಡಿಯ ಹುಡುಗಿ ವಾಚನ್ನು ಮತ್ತೊಮ್ಮೆ ಒರೆಸಿ ಪೆಟ್ಟಿಗೆ ಮುಚ್ಚಿದಳು. ಊರಿನಲ್ಲೀಗ ನಮ್ಮದು ಬಂದದ್ದನ್ನು ಬಿಟ್ಟ ಮನೆ, ಸರದಿಮನೆಗಿಂತ ದೊಡ್ಡ ಹೆಸರು. ಮೈಲಾರಿಯ ಅಜ್ಜಿ ಮಂಡಕ್ಕಿ ಮೂಟೆ ಕಳಿಸಿದ್ದಾಳೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಹೊಗಳಿಕೆ ನನಗೆ ಹಿಡಿಸದೆ ಇರುವುದು ಇದೇ ಮೊದಲು.

ನನ್ನ ಕೈಲಾದದ್ದು ಇಷ್ಟು. ಇನ್ನು ಉಳಿದದ್ದು ನಿಮ್ಮ ಕೈಯಲ್ಲಿದೆ. ಶನಿವಾರ ಆ ಬಿಳಿ ಮುಖದ್ದನ್ನೇ ತಗೊಳ್ಳಿ. ಗೀರಿದೆ ಎನ್ನಬೇಡಿ, ಟೈರಿನ ಕೆಲಸದಲ್ಲಿ ನಾಲ್ಕು ದಿನಕ್ಕೆ ಹತ್ತು ಗೀರು ನೀವೇ ಮಾಡುತ್ತೀರಿ. ಬೆಲೆ ಇಳಿಯುತ್ತದೆ ಎನ್ನಬೇಡಿ, ಇಳಿಯಲಿಲ್ಲ. ಕಟ್ಟಿಕೊಂಡು ತಿರುಗಿ, ಆಮೇಲೆ ಮಗನಿಗೆ ಕೊಡಿ, ಅವನು ಅವನ ಮಗನಿಗೆ ಕೊಡಲಿ. ಹಾಗಾದರೆ ನಮ್ಮ ಸರದಿಯೂ ಇರುವುದಿಲ್ಲ, ಮುಂದಿನ ಕುರ್ಚಿಯೂ ಇರುವುದಿಲ್ಲ, ನಾನು ಯಾರೋ ಒಬ್ಬ ಹಾಲಸ್ವಾಮಿಯಾಗಿ ಹಿಂದೆ ನಿಂತು ಭಾಷಣ ಕೇಳುತ್ತಿರುತ್ತೇನೆ. ಪರವಾಗಿಲ್ಲ. ಆ ಮದುವೆಯ ಬಗ್ಗೆ ಯೋಚನೆ ಮಾಡಿದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದು ತೂಬಿನ ಹತ್ತಿರ, ನಮ್ಮ ಪಟ್ಟಿ ನೋಡಿ ಅಲ್ಲ. ಸರದಿ ಇಲ್ಲದಿದ್ದರೂ ನಾಲೆ ಇರುತ್ತದೆ, ನೀರು ಮೇಲಿನ ತೂಬಿನಿಂದಲೇ ಕೆಳಕ್ಕೆ ಬರಬೇಕು. ಆ ಧೈರ್ಯದ ಮೇಲೆ ಇದನ್ನು ಟಪಾಲಿಗೆ ಹಾಕುತ್ತಿದ್ದೇನೆ.

ಅಂಗಡಿ ತೆಗೆಯುವುದು ಹತ್ತೂವರೆಗೆ. ನೀವು ಹತ್ತಕ್ಕೇ ಹೋಗಿ ಬಾಗಿಲ ಮುಂದೆ ನಿಲ್ಲಿ. ಅರ್ಧ ಗಂಟೆ ಕಾದರೆ ಸಾಕು.

ಇಂತಿ ನಿಮ್ಮ,
ಹಾಲಸ್ವಾಮಿ