ಎಣ್ಣೆ ಕ್ಯಾನಿನಲ್ಲಿರುವುದು ಅಡುಗೆ ಎಣ್ಣೆಯಲ್ಲ

ಅಪ್ಪಾ,

ಕಾರು ತೆಗೆದುಕೊಂಡು ಕೆಲಸಕ್ಕೆ ಹೊರಟೆ. ನಿನ್ನೆ ನಾನು ಇಂಜಿನ್‌ನಿಂದ ಇಳಿಸಿದ ಹಳೇ ಆಯಿಲನ್ನು ಅಡುಗೆ ಎಣ್ಣೆಯ ಕ್ಯಾನಿಗೆ ತುಂಬಿ ಒಲೆಯ ಪಕ್ಕದಲ್ಲೇ ಇಟ್ಟಿದ್ದೀಯಲ್ಲ! "ಇವತ್ತು ಅಡುಗೆಗೆ ಇದನ್ನೇ ಹಾಕ್ಲಾ, ಕೇಳು ನಿಮ್ಮಪ್ಪನ್ನ" ಅಂತಿದ್ದಾಳೆ ಅಮ್ಮ. ಕ್ಯಾನಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಶೆಡ್ಡಿಗೆ ಸಾಗಿಸಿದ್ದೇನೆ.

ಗೆದ್ದಲಿಗೆ ಮದ್ದು ಅಂತ ಅದನ್ನು ಕಾಂಪೌಂಡಿನ ಬುಡಕ್ಕೆ ಮಾತ್ರ ಸುರಿಯಬೇಡ, ದಮ್ಮಯ್ಯ. ಹೋದ ಸಲ ಸುರಿದೆ. ಅಮ್ಮನ ಗುಲಾಬಿ ಗಿಡ ಸತ್ತಿತು, ಗೆದ್ದಲು ಆರಾಮಾಗಿದೆ. ಹಳೇ ಆಯಿಲನ್ನು ತಿರುವಿನ ಗ್ಯಾರೇಜಿನವರು ತೆಗೆದುಕೊಳ್ಳುತ್ತಾರೆ, ಕೇಳಿದ್ದೇನೆ. ಬಕೆಟ್ಟಿನಲ್ಲಿ ಬೋರಲು ಹಾಕಿರುವ ಹಳೇ ಆಯಿಲ್ ಫಿಲ್ಟರ್ ಮಧ್ಯಾಹ್ನದವರೆಗೂ ಸೋರಲಿ, ಆಮೇಲೆ ಅದನ್ನೂ ಜೊತೆಗೇ ಕೊಡು. ರೇಡಿಯೇಟರಿನಿಂದ ತೆಗೆದ ಹಳೇ ಕೂಲೆಂಟ್ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಅದು ವಿಷ, ನಮ್ಮ ಬೆಕ್ಕು ನೆಕ್ಕಿದರೆ ಅದರ ಕತೆ ಮುಗಿಯಿತು.

ಕಾರಿನಡಿ ಹಾಸಿದ್ದ ರಟ್ಟಿನ ಮೇಲೆ ಬೆಳಗಿನವರೆಗೂ ಒಂದು ಹನಿ ಬಿದ್ದಿಲ್ಲ. ನಾನು ಹಾಕಿದ ಬೀಗವನ್ನೂ ಎಳೆದು ನೋಡುವವನು ನೀನು. ಆಯಿಲ್ ಇಳಿಸಿದ ಮೇಲೆ ನಾನು ಬಿಗಿದ ಬೋಲ್ಟನ್ನು ಬಿಡುತ್ತೀಯಾ, ನಾನು ಮಲಗಿದ ಮೇಲೆ ಹೋಗಿ ಇನ್ನೊಂದು ಸುತ್ತು ತಿರುಗಿಸಿರುತ್ತೀಯ ಅಂದುಕೊಂಡಿದ್ದೆ. ನೋಡಿದರೆ ಸ್ಪ್ಯಾನರ್ ನಾನು ಸುತ್ತಿಟ್ಟ ಬಟ್ಟೆಯಲ್ಲೇ, ನಾನು ಹಾಕಿದ ಗಂಟಿನಲ್ಲೇ ಇದೆ.

ನಿನ್ನ ಮೆಕ್ಯಾನಿಕ್ ಮಗಳು