ತಾತನ ಪಿಟೀಲಿನ ಹಲಗೆ

ಮನೆಯಿಂದ
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಮೊಮ್ಮಗಳೇ,

ನಿನ್ನ ಕೈಗೇನು ಲಕ್ವ ಹೊಡೆದಿದೆಯೇ? ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಒತ್ತಕ್ಷರ ತಡಕಾಡಿಕೊಂಡು ಬರೆಯುತ್ತೇನೆ. ಅಷ್ಟೆಲ್ಲ ಓದಿದವಳಿಗೆ ಪೆನ್ನು ಭಾರವಾಯಿತೇ? ಇರಲಿ. ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನನ್ನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನಿನ್ನ ತಾತ ಪಿಟೀಲು ಮಾಡುವುದನ್ನು ಇನ್ನೂ ಕಲಿಯುತ್ತಲೇ ಇದ್ದಾರೆ. ಕಿವಿ ಮಂದವಾಗಿ ಟಿಕ್‌ಟಿಕ್ ಕೇಳಿಸದೆ ಗಡಿಯಾರದ ಅಂಗಡಿ ಮುಚ್ಚಿದ ಮೇಲೆ ಹಿಡಿದ ಹುಚ್ಚು ಇದು. ಚಿಕ್ಕಂದಿನಲ್ಲಿ ನೀನು ಎರವಲು ಪಿಟೀಲನ್ನು ವಾಪಸ್ಸು ಕೊಟ್ಟು ಬಂದು ಅತ್ತೆಯಲ್ಲ, ನಾನೇ ಒಂದು ಮಾಡಿಕೊಡುತ್ತೇನೆಂದು ಅವತ್ತೇ ನಿನಗೆ ಮಾತು ಕೊಟ್ಟಿದ್ದರಂತೆ. ಮೂಲೆಮನೆಯ ಬಡಗಿ ಮರ ಕೊಟ್ಟ, ಪಾಠವನ್ನೂ ಹೇಳಿದ: ಮೇಲಿನ ಹಲಗೆಯನ್ನು ಹೆರೆಯಬೇಕು, ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು, ಗಂಟೆಯಂಥ ದನಿ ಬಂದ ಕೂಡಲೇ ಕೈ ನಿಲ್ಲಿಸಬೇಕು. ಬೀದಿಗೆಲ್ಲ ಕೇಳುವ ನನ್ನ ಗೊರಕೆಯೇ ಕೇಳಿಸದವರಿಗೆ ಅದು ಕೇಳಿಸೀತೇ? ಹಾಗಾಗಿ ನಾನೇ ಅವರ ಕಿವಿ. ಅಡುಗೆಮನೆ ಬಾಗಿಲಲ್ಲಿ ನಿಂತು ಹಲಗೆ ತಟ್ಟಿ ನನ್ನ ಮುಖ ನೋಡುತ್ತಾರೆ, "ಬಂತೇನೇ?" ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಹೋಗಿ ಮತ್ತೆ ಹೆರೆಯುತ್ತಾರೆ. ಮೀಸೆ ತುಂಬ ಮರದ ಹೊಟ್ಟು. ನನ್ನ ಮೇಲೆ ಅಂಥ ನಂಬಿಕೆ ಅವರಿಗೆ ಮದುವೆಯಾದಾಗಲೂ ಇರಲಿಲ್ಲ.

ಹೋದ ವಾರ ಬಡಗಿ ಬಂದವನು ಹಲಗೆಯನ್ನು ಕಿಟಕಿಗೆ ಹಿಡಿದ. ಬೆಳಕು ಈಚೆಗೆ ಹಾಯ್ದು ಬಂತು. ಹೊರಡುವಾಗ ಗೇಟಿನ ಹತ್ತಿರ ನನ್ನೊಬ್ಬಳಿಗೇ ಹೇಳಿದ: "ಹೆರೆದು ಹೆರೆದು ಕಾಗದದ ಹಾಗೆ ಆಗಿದೆ ಅಜ್ಜಿ. ತಂತಿ ಬಿಗಿದ ದಿನಾನೇ ಕುಸಿಯುತ್ತೆ. ಇನ್ನೊಂದು ಮಾಡೋಕೆ ತಾತನ ಕೈ ನಡುಗುತ್ತೆ, ಆಗಲ್ಲ." ಒಳಗೆ ಬಂದರೆ ಇವರು ಮತ್ತೆ ತಟ್ಟಿ ನನ್ನ ಮುಖ ನೋಡಿದರು. ಇನ್ನು ಹೆರೆದರೆ ತೂತು ಬೀಳುತ್ತದೆ. ಬಂತು ಎಂದೆ. ಮಗುವಿನ ಹಾಗೆ ನಕ್ಕರು. ಅಂಟು ಹಾಕಿ ಹಲಗೆ ಕೂರಿಸಿಯೂ ಆಯಿತು. ಒಂದನೇ ತಾರೀಖು ತಂತಿ ಕಟ್ಟುತ್ತಾರಂತೆ.

ಎಲ್ಲಿದ್ದರೂ ಚೆನ್ನಾಗಿರು. ಒದ್ದೆ ತಲೆಯಲ್ಲಿ ಮಲಗಬೇಡ.

ನಿನ್ನ ಅಜ್ಜಿ

ಬರೆಯಲು ಮರೆತದ್ದು: ಮರೆತಿರಲಿಲ್ಲ, ಕೈ ಬಂದಿರಲಿಲ್ಲ. ಆ ಹಲಗೆಗೆ ಗಂಟೆಯ ದನಿ ಹೋದ ವರ್ಷವೇ ಬಂದಿತ್ತು. ನನಗೆ ಚೆನ್ನಾಗಿ ಕೇಳಿಸಿತ್ತು. ಕೆಲಸ ಮುಗಿದರೆ ಪಿಟೀಲು ತೊಡೆಯ ಮೇಲಿಟ್ಟುಕೊಂಡು ನಿನ್ನ ದಾರಿ ಕಾಯುತ್ತಾ ಕೂರುತ್ತಾರೆ, ನೀನೋ ಬರುವವಳಲ್ಲ. ಅದಕ್ಕೇ ದಿನಾ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಈಗ ನೀನೊಂದು ಸುಳ್ಳು ಬರೆ. "ತಾತ, ನಾನು ಬರುವವರೆಗೆ ತಂತಿ ಕಟ್ಟಬೇಡಿ" ಅಂತ ಅವರ ಹೆಸರಿಗೆ ಒಂದೇ ಸಾಲು. ನೀನು ಬರದಿದ್ದರೂ ಸರಿ, ಕಾಯುತ್ತಾರೆ; ಅದು ಅವರ ಕಣ್ಣೆದುರೇ ಕುಸಿಯುವುದಕ್ಕಿಂತ ಕಾಯುವುದೇ ವಾಸಿ. ಒಂದನೇ ತಾರೀಖಿಗೆ ಮುಂಚೆ ಕಾಗದ ಇಲ್ಲಿರಬೇಕು.