ಹಸಿರು ಬಟ್ಟಲಿನ ಕೆಳಗಿದ್ದ ಸಾಲು

ತಮ್ಮಾ,

ಎದ್ದ ಕೂಡಲೇ ನಮ್ಮ ವೆಬ್‌ಸೈಟಿಗೆ ನೀನು ಸೇರಿಸಿದ ಅಂಗಡಿಯನ್ನು ಮುಚ್ಚು, ಮುಖ ಆಮೇಲೆ ತೊಳಿ.

ಹಳೇ ಪುಟದಲ್ಲಿ ಹಸಿರು ಬಟ್ಟಲಿನ ಕೆಳಗೆ "ಬಣ್ಣದಲ್ಲಿ ಸೀಸ ಇದೆ, ಅಲಂಕಾರಕ್ಕೆ ಮಾತ್ರ" ಅಂತಿತ್ತಲ್ಲ? ನೀನು ಚಿತ್ರವನ್ನಷ್ಟೇ ಅಂಗಡಿಗೆ ತಂದೆ, ಆ ಸಾಲು ಅಲ್ಲೇ ಉಳಿಯಿತು ಮಾರಾಯ. ಆ ಬಟ್ಟಲು ಕೊಂಡ ತಾಯಿಯೊಬ್ಬಳು ಅಂಗಡಿಯ ಪುಟದಲ್ಲಿ "ಮಗು ಇದರಲ್ಲೇ ಹಾಲು ಕುಡಿಯುತ್ತೆ" ಅಂತ ಖುಷಿಯಿಂದ ಬರೆದಿದ್ದಾಳೆ. ಓದಿದ ಕೂಡಲೇ ಆರ್ಡರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

ಆಕೆ ಫೋನ್ ಎತ್ತುತ್ತಿಲ್ಲ. ಮೊದಲ ಬಸ್ಸಿಗೆ ಅವರ ಮನೆಗೇ ಹೊರಟೆ.

ಬಟ್ಟಲು ಸುಡುವ ಆವಿಗೆಯ ಬೆಂಕಿ ಅಪ್ಪ ನೋಡಿಕೊಳ್ಳಲಿ. ನಿನ್ನನ್ನು ಬೈಯಲ್ಲ, ನಾನೂ ನೋಡಬೇಕಿತ್ತು. ದೇವರನ್ನು ನೆನೆಯುತ್ತಾ ಆಕೆಗೆ ಫೋನ್ ಮಾಡುತ್ತಲೇ ಇರು. ಎತ್ತಿದರೆ ಮೆತ್ತಗೆ ಹೇಳಲು ಹೋಗಬೇಡ. ಹೆದರಲಿ, ಹೆದರಿ ಆ ಬಟ್ಟಲನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳಲಿ.

ನಿನ್ನ ಅಕ್ಕ